ಹಳೆಯ ಎಚ್‌61 ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ, ರ‍್ಯಾಮ್, ಪ್ರೊಸೆಸರ್: ಎರಡು ವರ್ಷಕ್ಕೂ ಹೆಚ್ಚು ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್ 2013ರಲ್ಲಿ ಬಿಡಿಭಾಗಗಳನ್ನು ತಂದು ಜೋಡಿಸಿದ್ದು. ಇಂಟೆಲ್ ಕೋರ್ ಐ3-3220 ಪ್ರೊಸೆಸರ್, ಎಚ್‌61 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್: ಆ ಕಾಲದಲ್ಲಿ ಊರಿನ ಅರ್ಧ ಅಂಗಡಿಗಳಲ್ಲಿ ಇದ್ದದ್ದು ಇದೇ ಜೋಡಣೆ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಜೊತೆಗೆ ಆನ್‌ಲೈನ್ ಅರ್ಜಿ ತುಂಬುವುದು ಇದರ ಕೆಲಸ. 2023ರ ಹೊತ್ತಿಗೆ ಸ್ವಿಚ್ ಒತ್ತಿ ಬ್ರೌಸರ್ ತೆರೆದುಕೊಳ್ಳುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆಯುತ್ತಿತ್ತು. ಅರ್ಜಿ ಹಾಕಲು ಬಂದವರು ಎದ್ದು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಹೊಸ ಯಂತ್ರಕ್ಕೆ ಹಣವಿರಲಿಲ್ಲ. ಮೇಲಾಗಿ, ಹತ್ತು ವರ್ಷಗಳ ಪೇಜ್‌ಮೇಕರ್ ಕಡತಗಳೆಲ್ಲ ಹಳೆಯ ನುಡಿ ಫಾಂಟ್‌ಗಳಲ್ಲಿವೆ. ಅವು ಈ ಯಂತ್ರದಲ್ಲಿ ತಕರಾರಿಲ್ಲದೆ ತೆರೆದುಕೊಳ್ಳುತ್ತವೆ. ಆದ್ದರಿಂದ ಐದು ಸಾವಿರ ರೂಪಾಯಿಯ ಒಳಗೆ ಇದನ್ನೇ ಸರಿಪಡಿಸಿಕೊಳ್ಳಬೇಕಾಗಿತ್ತು.

ಹಣ ಹಾಕುವ ಮುನ್ನ ನಿಧಾನಕ್ಕೆ ಕಾರಣ ಯಾವ ಭಾಗ ಎಂಬುದನ್ನು ಪತ್ತೆಹಚ್ಚಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಪ್ರೊಸೆಸರ್ ಮೇಲಿನ ಹೊರೆ ಶೇ 20ರ ಆಸುಪಾಸಿನಲ್ಲಿದ್ದರೆ, ಡಿಸ್ಕ್ ಸಾಲು ಶೇ 100ರಲ್ಲಿ ನಿಂತೇ ಇತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಚದುರಿದ ಜಾಗಗಳಿಂದ ಓದುವುದರಿಂದ ಈ ಕಾಯುವಿಕೆಯೆಲ್ಲ ಒಟ್ಟುಗೂಡುತ್ತದೆ. ಎಸ್‌ಎಸ್‌ಡಿಯಲ್ಲಿ ಕಡತಗಳು ಚಿಪ್‌ಗಳಲ್ಲಿ ಉಳಿಯುತ್ತವೆ, ತಿರುಗುವ ಭಾಗವೇ ಇಲ್ಲ. ಅದೇ ಕೆಲಸಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹೀಗಾಗಿ ಮೊದಲ ಖರ್ಚು ಯಾವುದಕ್ಕೆ ಎಂಬ ಬಗ್ಗೆ ಗೊಂದಲವೇ ಉಳಿಯಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು ಕ್ರೂಶಿಯಲ್ ಬಿಎಕ್ಸ್500, 240 ಜಿಬಿ. ಡಬ್ಬದ ಮೇಲೆ ಸೆಕೆಂಡಿಗೆ 540 ಎಂಬಿ ಓದುವ ವೇಗವೆಂದು ಬರೆದಿದೆ, ಆದರೆ ಎಚ್‌61 ಚಿಪ್‌ಸೆಟ್‌ನಲ್ಲಿರುವುದು ಎರಡನೇ ತಲೆಮಾರಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) ಮಾತ್ರ. ನನಗೆ ಸಿಕ್ಕದ್ದು ಸುಮಾರು 270 ಎಂಬಿ. ಈ ಅರ್ಧ ವೇಗವನ್ನು ನೋಡಿ ಬೇಸರಪಡುವ ಅಗತ್ಯವಿಲ್ಲ. ದಿನನಿತ್ಯದ ಅನುಭವವನ್ನು ಬದಲಿಸುವುದು ಈ ಸಂಖ್ಯೆಯಲ್ಲ, ಮೇಲೆ ಹೇಳಿದ ಕಾಯುವಿಕೆ ಇಲ್ಲವಾಗುವುದು. ಇಂಥ ಬೋರ್ಡಿಗೆ ಇನ್ನೂ ದುಬಾರಿಯಾದ, ಇನ್ನೂ ವೇಗದ ಸಾಟಾ ಡಿಸ್ಕ್ ತಂದರೆ ಹೆಚ್ಚಿನ ಹಣ ಕಣ್ಣಿಗೆ ಕಾಣುವಂತೆ ಕೆಲಸ ಮಾಡುವುದಿಲ್ಲ. ಎನ್‌ವಿಎಂಇ ಎಂಬ, ಸಾಟಾಗಿಂತ ವೇಗದ ಹೊಸ ಮಾದರಿಯವನ್ನು ಕೂರಿಸಲು ಇದರಲ್ಲಿ ಜಾಗವೇ ಇಲ್ಲ.

ಅಳವಡಿಸುವಾಗ ಗಮನಿಸಲೇಬೇಕಾದ ವಿಷಯವೊಂದಿದೆ. ಆ ಕಾಲದ ಎಷ್ಟೋ ಬೋರ್ಡುಗಳ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್) ಸಾಟಾ ವಿಧಾನ ಐಡಿಇ ಎಂಬ ಹಳೆಯ ಕ್ರಮದಲ್ಲೇ ಉಳಿದಿರುತ್ತದೆ. ನಮ್ಮದೂ ಹಾಗೇ ಇತ್ತು. ಅದನ್ನು ಎಎಚ್‌ಸಿಐ ಎಂದು ಬದಲಿಸಿದ ಮೇಲೆಯೇ ವಿಂಡೋಸ್ ಹಾಕಬೇಕು. ಐಡಿಇಯಲ್ಲಿ ಹಾಕಿದ ವಿಂಡೋಸ್ ಇರುವಾಗ ಸುಮ್ಮನೆ ಬದಲಿಸಿದರೆ ಸಾಮಾನ್ಯವಾಗಿ ನೀಲಿ ಪರದೆ ಬಂದು ನಿಲ್ಲುತ್ತದೆ. ಹಳೆಯ ವಿಂಡೋಸ್ ಅನ್ನು ನಕಲು ಮಾಡುವ ಬದಲು ಹೊಸದಾಗಿ ಹಾಕಿಸಿಕೊಂಡದ್ದರಿಂದ ಈ ತೊಡಕು ತಪ್ಪಿತು, ವರ್ಷಗಳಿಂದ ಸೇರಿದ್ದ ಕಸವೂ ಹೋಯಿತು. ಈಗ ಸ್ವಿಚ್ ಒತ್ತಿದ ಅರ್ಧ ನಿಮಿಷದಲ್ಲಿ ಕೆಲಸ ಶುರು ಮಾಡಬಹುದು.

ಇಷ್ಟು ಕಾಲದ ಬಳಕೆಯಲ್ಲಿ ಕಂಡ ಕೊರತೆಯನ್ನೂ ಹೇಳಬೇಕು. ಈ ಅಗ್ಗದ ಮಾದರಿಯಲ್ಲಿ ಡಿಸ್ಕಿನದೇ ಆದ ತಾತ್ಕಾಲಿಕ ಸ್ಮರಣೆ, ಅಂದರೆ ಪ್ರತ್ಯೇಕ ಡಿರ‍್ಯಾಮ್ ಇಲ್ಲ. ಹತ್ತಾರು ಜಿಬಿಯ ಮದುವೆ ಫೋಟೊಗಳನ್ನು ಒಂದೇ ಸಲಕ್ಕೆ ನಕಲಿಸಿದರೆ ಸ್ವಲ್ಪ ಹೊತ್ತಿನ ನಂತರ ಬರೆಯುವ ವೇಗ ಕುಸಿದು ಹಾರ್ಡ್‌ಡಿಸ್ಕ್‌ನ ಮಟ್ಟಕ್ಕೆ ಇಳಿಯುತ್ತದೆ. ಕಂಪನಿ ಈ ಗಾತ್ರಕ್ಕೆ ಹೇಳಿರುವ ಬರವಣಿಗೆಯ ಮಿತಿ 80 ಟಿಬಿ, ವಾರಂಟಿ ಮೂರು ವರ್ಷ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ತೋರಿಸುವಂತೆ ನಮ್ಮ ಅಂಗಡಿಯ ಕೆಲಸ ಆ ಮಿತಿಯ ಹತ್ತನೇ ಒಂದು ಪಾಲನ್ನೂ ಮುಟ್ಟಿಲ್ಲ, ಆದ್ದರಿಂದ ಸವೆತದ ಭಯ ನನಗಿಲ್ಲ. ಭಯವಿರುವುದು ಬೇರೆಯದಕ್ಕೆ. ಹಾರ್ಡ್‌ಡಿಸ್ಕ್ ಕೆಡುವ ಮುನ್ನ ಎಷ್ಟೋ ಸಲ ಕಟಕಟ ಸದ್ದು ಮಾಡಿ ತಿಳಿಸುತ್ತದೆ. ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಕಾಣಿಸಿಕೊಳ್ಳದೇ ಹೋಗಬಹುದು. ಹಳೆಯ 500 ಜಿಬಿ ಡಿಸ್ಕ್ ಈಗಲೂ ಕ್ಯಾಬಿನೆಟ್‌ನೊಳಗೇ ಇದ್ದು, ಸಂಜೆ ಅಂಗಡಿ ಮುಚ್ಚುವಾಗ ಆ ದಿನದ ಕಡತಗಳು ಅದಕ್ಕೂ ಹೋಗುತ್ತವೆ. ಗಿರಾಕಿಗಳ ಹಳೆಯ ಕೆಲಸವನ್ನು ಮತ್ತೊಮ್ಮೆ ಟೈಪ್ ಮಾಡಿ ಕೊಡುವ ತಾಳ್ಮೆ ಈ ವ್ಯಾಪಾರದಲ್ಲಿ ಯಾರಿಗೂ ಇಲ್ಲ.

ಎರಡನೇ ಖರ್ಚು ರ‍್ಯಾಮ್. ಇದ್ದ 4 ಜಿಬಿ ಕಡ್ಡಿಯ ಪಕ್ಕಕ್ಕೆ ಬಳಸಿದ ಇನ್ನೊಂದು 4 ಜಿಬಿ ಸಿಕ್ಕಿತು, ಹೊಸದರ ಅರ್ಧ ಬೆಲೆಗೆ. ಹಳೆಯದು 1333 ಮೆಗಾಹರ್ಟ್ಸ್, ತಂದದ್ದು 1600. ಎರಡೂ 1333ರಲ್ಲೇ ಓಡುತ್ತವೆ, ತೊಂದರೆಯಿಲ್ಲ. ಎರಡು ಕಡ್ಡಿಗಳಿದ್ದರೆ ಡ್ಯುಯಲ್ ಚಾನೆಲ್ (ಎರಡರಿಂದಲೂ ಒಟ್ಟಿಗೆ ಓದುವುದು) ಆಗುವುದರಿಂದ, ರ‍್ಯಾಮ್‌ನ ಪಾಲನ್ನೇ ಬಳಸುವ ಒಳಗಿನ ಗ್ರಾಫಿಕ್ಸ್‌ಗೂ ತುಸು ಅನುಕೂಲ. 4 ಜಿಬಿಯಲ್ಲಿ ಪೇಜ್‌ಮೇಕರ್, ಫೋಟೊಶಾಪ್, ಐದಾರು ಬ್ರೌಸರ್ ಟ್ಯಾಬ್ ಒಟ್ಟಿಗೆ ತೆರೆದರೆ ಯಂತ್ರ ತಡವರಿಸುತ್ತಿತ್ತು, 8 ಜಿಬಿಯಲ್ಲಿ ಹಾಗಾಗುವುದಿಲ್ಲ. ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು: ತೀರಾ ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಡಿಡಿಆರ್3 ಕಡ್ಡಿಗಳು ಎಎಂಡಿ ಬೋರ್ಡುಗಳಿಗೆ ಮಾತ್ರ ಹೊಂದುತ್ತವೆ, ಇಂಟೆಲ್ ಬೋರ್ಡಿನಲ್ಲಿ ಹಾಕಿದರೆ ಪರದೆಯೇ ಬರುವುದಿಲ್ಲ. ಅಂಗಡಿಯಲ್ಲೇ ಹಾಕಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಉಳಿದ ಹಣದಲ್ಲಿ ಬಳಸಿದ ಐ5-3470 ಪ್ರೊಸೆಸರ್ ಬಂತು. ಐ3ಯಲ್ಲಿ ಎರಡು ಕೋರ್, ಇದರಲ್ಲಿ ನಾಲ್ಕು. ಅದು 55 ವ್ಯಾಟ್, ಇದು 77 ವ್ಯಾಟ್, ಆದರೂ ಕಂಪನಿಯ ಫ್ಯಾನೇ ಸಾಕಾಗುತ್ತದೆ. ಫ್ಯಾನ್ ತೆಗೆದಾಗ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹಾಸಿಕೊಂಡಿತ್ತು, ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಬ್ರಷ್ಷಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿದ ಮೇಲೆ ಫ್ಯಾನಿನ ಗೊರಗೊರ ಸದ್ದು ತಗ್ಗಿತು. ಫ್ಯಾನ್ ಮರಳಿ ಕೂರಿಸುವಾಗ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ಕರ್ಣಕ್ಕೊಂದರಂತೆ ಒತ್ತಬೇಕು. ಒಂದು ಅರ್ಧ ಕೂತರೂ ಪ್ರೊಸೆಸರ್ ಬಿಸಿಯೇರುತ್ತದೆ. ಫೋಟೊಶಾಪ್‌ನಲ್ಲಿ ದೊಡ್ಡ ಫ್ಲೆಕ್ಸ್ ಕಡತ ಉಳಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಅರ್ಜಿ ತುಂಬುವಾಗ, ಪತ್ರಿಕೆ ಜೋಡಿಸುವಾಗ ಗೊತ್ತಾಗುವುದಿಲ್ಲ. ಕೈ ಬಿಗಿಯಿರುವವರು ಈ ಮೂರನೇ ಖರ್ಚನ್ನು ಧಾರಾಳವಾಗಿ ಬಿಡಬಹುದು.

ನಾಲ್ಕು ಕೋರ್‌ಗಳ ಉಪಯೋಗ ನಾನು ಎಣಿಸದ ಕಡೆ ಕಂಡದ್ದು ಯೂಟ್ಯೂಬ್‌ನಲ್ಲಿ. ಎರಡೂ ಪ್ರೊಸೆಸರ್‌ಗಳಲ್ಲಿರುವುದು ಒಂದೇ ಎಚ್‌ಡಿ 2500 ಗ್ರಾಫಿಕ್ಸ್. ಅದು ಎಚ್.264 ಎಂಬ ಮಾದರಿಯ ವೀಡಿಯೊವನ್ನು ತಾನೇ ಬಿಡಿಸಬಲ್ಲದು, ಆದರೆ ಯೂಟ್ಯೂಬ್ ಸಾಮಾನ್ಯವಾಗಿ ಕಳುಹಿಸುವ ವಿಪಿ9 ಮಾದರಿ ಬಂದರೆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಐ3ಯಲ್ಲಿ 1080 ವೀಡಿಯೊ ಮುಗ್ಗರಿಸುತ್ತಿದ್ದುದು ಇದರಿಂದಲೇ. ಯೂಟ್ಯೂಬ್‌ನಿಂದ ಎಚ್.264 ವೀಡಿಯೊವನ್ನೇ ತರಿಸುವ ಎಚ್264ಇಫೈ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಹಳೆಯ ಪ್ರೊಸೆಸರ್‌ನಲ್ಲೂ ಇದಕ್ಕೆ ಪೈಸೆ ಖರ್ಚಿಲ್ಲದ ಪರಿಹಾರವಿದೆ.

ಸಿಎಂಒಎಸ್ ಬ್ಯಾಟರಿ, ಅಂದರೆ ಸಿಆರ್2032 ಬಿಲ್ಲೆ, ಬದಲಿಸಿದ ಮೇಲೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡಿ ಬ್ಯಾಂಕಿನ ಪುಟಗಳು ತೆರೆಯದಿರುವ ಕಾಟ ನಿಂತಿತು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಹಳೆಯದೇ ಇದೆ. ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆಯಿಲ್ಲದಿದ್ದರೆ ಅದರ ತಂಟೆಗೆ ಹೋಗಬೇಕಿಲ್ಲ.

ಇನ್ನು ಈ ಯಂತ್ರದ ಆಯಸ್ಸಿನ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್, ನಮ್ಮದು ಮೂರನೆಯದು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ, ಗಿರಾಕಿಗಳ ಆಧಾರ್ ಪ್ರತಿ ಇರುವ ಯಂತ್ರದಲ್ಲಿ ನಾನು ಅದನ್ನು ಮಾಡಲಾರೆ. ಆದ್ದರಿಂದ ಎಸ್‌ಎಸ್‌ಡಿಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 22 ಹಾಕಿದ್ದೇನೆ. ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಅರ್ಜಿ, ಇಮೇಲ್, ಬ್ಯಾಂಕಿನ ಕೆಲಸವೆಲ್ಲ ಅಲ್ಲಿ. ಅದರ ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುವುದರಿಂದ ನುಡಿಗೆ ಹೊಂದಿಕೊಂಡ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಪೇಜ್‌ಮೇಕರ್ ಇರುವ ವಿಂಡೋಸ್‌ಗೆ ಹೋಗುವಾಗ ಲ್ಯಾನ್ ಕೇಬಲ್ ಕಿತ್ತಿಡುತ್ತೇನೆ.

ಇದಕ್ಕಿಂತ ಮುಂದೆ ಈ ಪೆಟ್ಟಿಗೆಗೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಮುಂದೆ ಕೊಳ್ಳುವುದು ಯಾವುದಾದರೂ ಕಚೇರಿಯಿಂದ ಹೊರಬಿದ್ದ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್. ಅದರಲ್ಲಿ ಡಿಡಿಆರ್4 ಇರುವುದರಿಂದ ಈಗಿನ ರ‍್ಯಾಮ್ ಕೂರುವುದಿಲ್ಲ, ಸಾಕೆಟ್ ಬೇರೆಯಾದ್ದರಿಂದ ಐ5-3470 ಕೂಡ ಇಲ್ಲಿಗೇ ಮುಗಿಯಿತು. ಬಿಎಕ್ಸ್500 ಮಾತ್ರ ಹೊಸ ಯಂತ್ರಕ್ಕೆ ಹೋಗುತ್ತದೆ, ಅಲ್ಲಿಯ ಮೂರನೇ ತಲೆಮಾರಿನ ಸಾಟಾದಲ್ಲಿ ಡಬ್ಬದ ಮೇಲಿನ ವೇಗಕ್ಕೆ ಹತ್ತಿರ ಓಡಲಿದೆ. ಎಸ್‌ಎಸ್‌ಡಿಯ ಬಿಲ್ಲನ್ನು ವಾರಂಟಿಗಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೇನೆ. ಕೊಳ್ಳುವವರು ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ, ಕೆಲವು ಅಂಗಡಿಗಳು ತಾವಾಗಿ ಕೊಡುವುದಿಲ್ಲ.