ಗಿಟ್‌ಹಬ್ ಇಶ್ಯೂ ಪುಟಕ್ಕೆ ಹೋದ ನಮ್ಮ 75 ಕೆ.ಜಿ. ಚೀಲ

ಸಿಂಧನೂರಿನ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಿಲ್ ಮಾಡೋದು ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಒಂದು ಪುಟ್ಟ ತಂತ್ರಾಂಶದಲ್ಲಿ. ಒಳ್ಳೆಯದೇ, ಆದರೆ ಅದಕ್ಕೆ ಗೊತ್ತಿದ್ದದ್ದು ಕಿಲೋ, ಕ್ವಿಂಟಲ್ ಎರಡೇ. ನಮ್ಮ ಕಡೆ ಭತ್ತದ ದರ ಮಾತಾಡೋದು 75 ಕೆ.ಜಿ. ಚೀಲಕ್ಕೆ, ತೂಕ ಹಾಕೋದು ಕಿಲೋದಲ್ಲಿ. ಪಟ್ಟಿ, ಅಂದರೆ ಬಿಲ್, ಕೈಗಿಟ್ಟ ಕೂಡಲೇ ಹಿರಿಯ ರೈತರು ಕೇಳುವುದು ಒಂದೇ ಮಾತು: “ಚೀಲಕ್ಕ ಎಷ್ಟು ಹಚ್ಚೀ ಯವ್ವಾ?” ಪಟ್ಟಿಯಲ್ಲಿ ಅದೇ ಇರುತ್ತಿರಲಿಲ್ಲ. ಪೆನ್ನಿನಲ್ಲಿ ಪಕ್ಕಕ್ಕೆ ಬರೆದು ಕೊಡುತ್ತಿದ್ದೆ.

ಆ ತಂತ್ರಾಂಶದ ಕೋಡ್ ಗಿಟ್‌ಹಬ್‌ನಲ್ಲಿದೆ, ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣದಲ್ಲಿ. ಅಲ್ಲಿನ ‘ಇಶ್ಯೂಸ್’ ಪುಟ ದೋಷ ಹೇಳುವವರಿಗೆ ಮಾತ್ರ ಅಂತ ತಿಳಿದಿದ್ದೆ. ಹೊಸ ಐಡಿಯಾ ಹೇಳೋದಕ್ಕೂ ಅದೇ ಜಾಗ. ಅದಕ್ಕಂತಲೇ ‘ಎನ್‌ಹ್ಯಾನ್ಸ್‌ಮೆಂಟ್’ (ಸುಧಾರಣೆ) ಅನ್ನೋ ಲೇಬಲ್ ಇದೆ. ಖಾತೆ ತೆರೆಯಲು ದುಡ್ಡಿಲ್ಲ, ಕೋಡ್ ಬರೆಯಲು ಬರಬೇಕಂತಿಲ್ಲ.

ಮೊದಲು ಒಂದೇ ಸಾಲು ಹಾಕಿದೆ: ಚೀಲದ ಅಳತೆ ಸೇರಿಸಿ. ಮೂರು ದಿನಕ್ಕೆ ತಂತ್ರಾಂಶ ನೋಡಿಕೊಳ್ಳುವವರಿಂದ ಉತ್ತರ ಬಂತು. ಚೀಲದ ದರವನ್ನು 75ರಿಂದ ಭಾಗಿಸಿ ಕಿಲೋ ದರ ಹಾಕಿದರೆ ಸಾಕಲ್ಲವೇ, ತೊಂದರೆ ಏನು ಅಂತ. ಮೊದಲು ಬೇಜಾರಾಯಿತು. ಆಮೇಲೆ ಅನಿಸಿತು, ನಮ್ಮ ಮಾರ್ಕೆಟ್ಟು ಅವರು ಎಲ್ಲಿ ನೋಡಿರಬೇಕು?

ಭಾನುವಾರ ಕೂತು ಹಳೆಯ ಬಿಲ್ ಒಂದನ್ನೇ ಬಿಡಿಸಿ ಬರೆದೆ. 3,187 ಕೆ.ಜಿ. ಸೋನಾ ಮಸೂರಿ, ಚೀಲಕ್ಕೆ 1,900 ರೂಪಾಯಿ. ಕಿಲೋಗೆ ಬರುವುದು 25.3333. ತಂತ್ರಾಂಶ ಪೈಸೆಗೆ ನಿಲ್ಲಿಸಿ 25.33 ಹಿಡಿಯುತ್ತದೆ, ಒಟ್ಟು 80,726.71. ನಿಜಕ್ಕೂ ಆಗಬೇಕಾದ್ದು 80,737.33. ರೈತನಿಗೆ 10 ರೂಪಾಯಿ 62 ಪೈಸೆ ಕಡಿಮೆ. ಒಂದು ಲೋಡಿಗೆ ಇಷ್ಟು, ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಲೋಡ್ ಬರುತ್ತವೆ ಅಲ್ವಾ? ಪಟ್ಟಿಯ ಫೋಟೋನೂ ಹಾಕಿದೆ, ರೈತರ ಹೆಸರು, ಫೋನ್ ನಂಬರ್ ಅಳಿಸಿ. ಈ ಪುಟವನ್ನು ಯಾರು ಬೇಕಾದರೂ ಓದಬಹುದು, ಇದನ್ನು ಮರೆಯಬೇಡಿ.

ಆಮೇಲೆ ನಡೆದದ್ದೇ ನನಗೆ ತುಂಬಾ ಇಷ್ಟವಾಗಿದ್ದು. ಬೇರೆ ದೇಶದ ಒಬ್ಬರು ತಮ್ಮಲ್ಲೂ ಮೂಟೆ ಲೆಕ್ಕದಲ್ಲೇ ದರ, ಆದರೆ ಮೂಟೆಯ ತೂಕ ಬೇರೆ ಅಂತ ಬರೆದರು. ಹನ್ನೊಂದು ಜನ ನನ್ನ ಇಶ್ಯೂಗೆ ಹೆಬ್ಬೆರಳಿನ ಚಿಹ್ನೆ (👍) ಒತ್ತಿದರು. ಈ ಹೆಬ್ಬೆರಳು 2016ರಲ್ಲಿ ಬಂದದ್ದು. ಅದಕ್ಕೂ ಮೊದಲು ‘ನನಗೂ ಬೇಕು’ ಅನ್ನೋಕೆ ಎಲ್ಲರೂ ‘+1’ ಅಂತ ಬರೆದು ಮಾತುಕತೆಯನ್ನೇ ತುಂಬಿಸುತ್ತಿದ್ದರು. ಕೊನೆಗೆ ನಾನು ಕೇಳಿದ್ದಕ್ಕಿಂತ ಚೆನ್ನಾದ ದಾರಿ ಹೊಳೆಯಿತು: 75 ಅಂತ ಗಟ್ಟಿ ಮಾಡುವುದು ಬೇಡ, ದರ ಎಷ್ಟು ಕಿಲೋಗೆ ಅನ್ನೋದನ್ನು ಅಂಗಡಿಯವರೇ ತುಂಬಲಿ. ಕೋಡ್ ಬರೆದವರು ತಮ್ಮ ಬದಲಾವಣೆಯ ವಿವರಣೆಯಲ್ಲಿ ‘Fixes’ ಅಂತ ಬರೆದು ನನ್ನ ಇಶ್ಯೂ ನಂಬರ್ ಸೇರಿಸಿದ್ದರು. ಆ ಬದಲಾವಣೆ ಮೂಲ ಕೋಡಿಗೆ ಸೇರಿದ ಕೂಡಲೇ ಇಶ್ಯೂ ತಾನಾಗಿಯೇ ಮುಚ್ಚಿ, ನೇರಳೆ ಬಣ್ಣದ ಟಿಕ್ ಬಿತ್ತು. ಆ ಪುಟವನ್ನು ಸಾಹುಕಾರರಿಗೂ ತೋರಿಸಿದೆ.

ಎಲ್ಲಾ ಕಡೆ ಹೀಗಾಗಲ್ಲ. ಇನ್ನೊಂದು ತಂತ್ರಾಂಶದ ಇಶ್ಯೂ ಪುಟದಲ್ಲಿ, ಪಟ್ಟಿಯಲ್ಲಿ ಕನ್ನಡ ಅಂಕಿಗಳು ಅಚ್ಚಾಗಲಿ ಅಂತ ಕೇಳಿ ನಾಲ್ಕು ತಿಂಗಳಾಯಿತು. ಒಂದು ಅಕ್ಷರದ ಉತ್ತರವಿಲ್ಲ. ‘ಆಗಲ್ಲ’ ಅಂತ ಮುಚ್ಚೋದಕ್ಕೂ ಅಲ್ಲಿ ದಾರಿ ಇದೆ, ಹಾಗೆ ಮುಚ್ಚಿದರೂ ನೆಮ್ಮದಿ ಇರುತ್ತಿತ್ತು. ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ ಅನ್ನೋದೂ ನಮ್ಮಂಥವರಿಗೆ ಕಷ್ಟವೇ. ನಾನು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ತಿರುಗಿಸುತ್ತೇನೆ.

ಈ ಇಶ್ಯೂ ಪುಟಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಬರೆಯುವ ಮುಂಚೆ ಅಲ್ಲೇ ಹುಡುಕಿ, ಮುಚ್ಚಿದ ಇಶ್ಯೂಗಳಲ್ಲೂ ನೋಡಿ. ನಿಮ್ಮ ಮಾತನ್ನು ಬೇರೆಯವರು ಆಗಲೇ ಹೇಳಿರಬಹುದು.

ಈ ಸುಗ್ಗಿಯಲ್ಲಿ ನಮ್ಮ ಪಟ್ಟಿ ಮೇಲೆ ‘ದರ: 1,900 / 75 ಕೆ.ಜಿ.’ ಅಂತಲೇ ಅಚ್ಚಾಗುತ್ತಿದೆ. ಪೆನ್ನು ಡ್ರಾಯರ್‌ನಲ್ಲಿದೆ.