ಕಾಸರಗೋಡಿನ ಪೈಥಾನ್ ಕ್ಲಾಸು: ಟೀಚರಿಗೆ ಐದು ಸ್ಟಾರ್, ನೋಟ್ಸಿಗೆ ಒಂದು

ಕಾಸರಗೋಡು ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಎರಡು ತಿಂಗಳು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಹೆಸರು ಬೇಡ, ಬೈಯುವುದೂ ಸ್ವಲ್ಪ ಇದೆ. ಫೀಸು 4,500 ರೂಪಾಯಿ, ವಾರಕ್ಕೆ ಮೂರು ಸಂಜೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬ್ಯಾಚಿನಲ್ಲಿ ಮಲಯಾಳದವರೇ ಜಾಸ್ತಿ, ಆದರೂ ಟೀಚರ್ ಒಂದು ಸಲ ಮಲಯಾಳದಲ್ಲಿ ಹೇಳಿ, ಮತ್ತೆ ನಮ್ಮ ಬೆಂಚಿನ ಕಡೆ ತಿರುಗಿ ಕನ್ನಡದಲ್ಲೂ ಹೇಳುತ್ತಿದ್ದರು. ಅರ್ಧ ಫೀಸು ಅಲ್ಲಿಗೇ ವಸೂಲು.

ಮೊದಲ ಮೂರು ವಾರ ಸಪ್ಪೆ. ಲಿಸ್ಟ್ (ಐಟಂಗಳನ್ನು ಸಾಲಾಗಿ ಇಡುವ ಪಟ್ಟಿ) ಪಾಠ ಬಂದ ಮೇಲೆ ರುಚಿ ಹತ್ತಿತು, ಅದರಲ್ಲೂ ಲಿಸ್ಟಿನಿಂದ ಐಟಂ ತೆಗೆಯುವುದು. ಅದಕ್ಕೆ ರಿಮೂವ್, ಪಾಪ್, ಡೆಲ್ ಅನ್ನುವ ಕಮಾಂಡುಗಳಿವೆ. ರಿಮೂವ್‌ಗೆ ಏನು ತೆಗೆಯಬೇಕು ಅಂತ ಹೇಳಬೇಕು, ಪಾಪ್‌ಗೆ ಎಷ್ಟನೆಯದು ಅಂತ ಹೇಳಬೇಕು (ಎಣಿಕೆ ಸೊನ್ನೆಯಿಂದ), ಹೇಳದಿದ್ದರೆ ಕೊನೆಯದು ಹೋಗುತ್ತದೆ. ಪಾಪ್ ತೆಗೆದದ್ದನ್ನು ನಮ್ಮ ಕೈಗೆ ಕೊಡುತ್ತದೆ, ಡೆಲ್ ಸುಮ್ನೆ ಬಿಸಾಡುತ್ತದೆ. ಲಿಸ್ಟಿನಲ್ಲಿ ಇಲ್ಲದ್ದನ್ನು ರಿಮೂವ್ ಮಾಡಲು ಹೋದರೆ ವ್ಯಾಲ್ಯೂ ಎರರ್.

ಇಷ್ಟು ಕಲಿತ ಹುರುಪಿನಲ್ಲಿ ಮನೆಯ ಅಡಿಕೆ ಲೆಕ್ಕಕ್ಕೆ ಕೈ ಹಾಕಿದೆ. ಲಿಸ್ಟಿನಲ್ಲಿ ಅಡಿಕೆಯ ದರ್ಜೆಗಳು: ಚಾಲಿ, ಕರಿಗೋಟು, ಕರಿಗೋಟು, ಪಟೋರ. ಕರಿಗೋಟೆಲ್ಲ ತೆಗೆಯಬೇಕು. ಸೆಂಟರಿನ ಪ್ರಿಂಟೆಡ್ ನೋಟ್ಸಿನಲ್ಲಿ ಇದ್ದ ಹಾಗೇ ಫಾರ್ ಲೂಪ್ (ಲಿಸ್ಟಿನ ಐಟಂಗಳನ್ನು ಒಂದೊಂದಾಗಿ ನೋಡುತ್ತಾ ಹೋಗುವುದು) ಹಾಕಿ, ಒಳಗೆ ರಿಮೂವ್ ಬರೆದೆ. ಒಂದು ಕರಿಗೋಟು ಹೋಯಿತು, ಇನ್ನೊಂದು ಅಲ್ಲೇ ಕೂತಿದೆ! ಎರರ್ ಕೂಡ ಇಲ್ಲ. ಎರರ್ ಬಂದಿದ್ದರೆ ಆದರೂ ಗೊತ್ತಾಗುತ್ತಿತ್ತು, ಅಲ್ವಾ? ಅಪ್ಪ ಪಕ್ಕದಲ್ಲಿ ನಿಂತು, "ಇದಕ್ಕಿಂತ ನನ್ನ ಚೀಟಿಯೇ ಸರಿ ಇತ್ತು" ಅಂದರು.

ಮರುದಿನ ಟೀಚರಿಗೆ ತೋರಿಸಿದೆ. ಅವರು ಕೋಡ್ ಮುಟ್ಟಲೇ ಇಲ್ಲ. "ಬದಿಯಡ್ಕ ಬಸ್ಸಿನ ಹಿಂದಿನ ಉದ್ದ ಸೀಟು ನೆನಪು ಮಾಡಿ. ಕಂಡಕ್ಟರ್ ಎರಡನೆಯವರ ಹತ್ತಿರ ಬಂದಾಗ ಅವರು ಇಳಿದರು. ಉಳಿದವರೆಲ್ಲ ಒಂದೊಂದು ಜಾಗ ಸರಿದು ಕೂತರು. ಕಂಡಕ್ಟರ್ ಮಾತ್ರ ಮೂರನೇ ಜಾಗಕ್ಕೆ ಹೋದ. ಸರಿದು ಎರಡರಲ್ಲಿ ಕೂತವನಿಗೆ ಟಿಕೇಟು ಆಯಿತಾ?" ಆಗಲಿಲ್ಲ. ನನ್ನ ಎರಡನೇ ಕರಿಗೋಟು ಅವನೇ.

ಮತ್ತೆ ಸರಿ ದಾರಿ ತೋರಿಸಿದರು: ತೆಗೆಯುವುದನ್ನು ಬಿಟ್ಟು, ಬೇಕಾದ್ದನ್ನು ಮಾತ್ರ ಆರಿಸಿ ಹೊಸ ಲಿಸ್ಟ್ ಮಾಡುವುದು. ಹೀಗೆ ಹೊಸ ಲಿಸ್ಟ್ ಮಾಡಲು ಪೈಥಾನಿನಲ್ಲಿರುವ ಚಿಕ್ಕ ದಾರಿ, ಲಿಸ್ಟ್ ಕಾಂಪ್ರಹೆನ್ಶನ್‌ನಲ್ಲಿ, ಒಂದೇ ಗೆರೆ. ಹಳೆ ಲಿಸ್ಟಿನಲ್ಲೇ ತೆಗೆಯಬೇಕು ಅಂತ ಹಠ ಇದ್ದರೆ ಕೊನೆಯಿಂದ ಹಿಂದಕ್ಕೆ ಬನ್ನಿ, ಒಂದೊಂದೇ ನಂಬರ್ ನೋಡಿ ಡೆಲ್ ಮಾಡಿ. ಸರಿಯುವವರೆಲ್ಲ ಆಗಲೇ ನೋಡಿ ಮುಗಿದವರು, ತೊಂದರೆ ಇಲ್ಲ.

ಇನ್ನು ಬೈಗುಳ. ಎರಡು ಜನಕ್ಕೆ ಒಂದು ಕಂಪ್ಯೂಟರ್. ಕರೆಂಟು ಹೋದರೆ ಬರೆದದ್ದೂ ಹೋಯಿತು, ಮಳೆಗಾಲದಲ್ಲಿ ಕೇಳಲೇ ಬೇಡಿ. ಸರ್ಟಿಫಿಕೇಟಿಗೆ ಬೇರೆ 300 ರೂಪಾಯಿ, ಅದನ್ನು ಸೇರುವಾಗ ಹೇಳಲೇ ಇಲ್ಲ. ನೋಟ್ಸಿನ ತಪ್ಪು ತಿದ್ದಿ ಅಂತ ಆಫೀಸಿನಲ್ಲಿ ಹೇಳಿದ್ದಕ್ಕೆ, ಹಳೇ ಪ್ರಿಂಟ್ ಮುಗಿಯಲಿ ಅಂದರು. ಸಂಜೆ ಬ್ಯಾಚಿಗೆ ಸೇರಿದರೆ ಟೀಚರೇ ಆ ಪುಟ ತೆಗೆಸಿ ಕೆಂಪು ಪೆನ್ನಿನಲ್ಲಿ ಗೀಟು ಹಾಕಿಸುತ್ತಾರೆ. ಬೆಳಗ್ಗಿನ ಬ್ಯಾಚಿನವರು ನೀವೇ ಹಾಕಿಕೊಳ್ಳಿ.