ತಿಂಗಳಿಗೊಂದು ಗಂಟೆಯ ಹಾಡು ಜೋಡಿಸಲು ಅಡಾಸಿಟಿ

ಮುಂದಿನ ತಿಂಗಳಿಡೀ ಕೇಳಬೇಕೆನಿಸುವ ಹಾಡುಗಳನ್ನು ಆಯ್ದು, ಒಂದು ಗಂಟೆಯ ಅಳತೆಗೆ ಜೋಡಿಸಿಟ್ಟುಕೊಳ್ಳುವುದು ನನ್ನ ರೂಢಿ. ಈ ಮಿತಿ ಬಂದದ್ದು ಅಪ್ಪನ ಕ್ಯಾಸೆಟ್ಟುಗಳಿಂದ. 60ರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ, ಯಾವ ಹಾಡು ಇರಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರು ಚೀಟಿಯ ಮೇಲೆ ನಿಮಿಷ ಕೂಡಿಸಿ ತೀರ್ಮಾನಿಸುತ್ತಿದ್ದರು. ಹಾಡುಗಳ ಆಯ್ಕೆ ಎಷ್ಟು ಮುಖ್ಯವೋ ಅವುಗಳ ಸಾಲು, ನಡುವಿನ ಬಿಡುವು ಮತ್ತು ದನಿಯ ಮಟ್ಟವೂ ಅಷ್ಟೇ ಮುಖ್ಯವೆಂದು ನಾನು ನಂಬಿದ್ದೇನೆ. ಫೋನಿನ ಸಂಗೀತ ಆ್ಯಪ್‌ನಲ್ಲಿ ಪಟ್ಟಿ ಮಾಡಬಹುದು, ಆದರೆ ಎರಡು ಹಾಡುಗಳ ನಡುವೆ ಎಷ್ಟು ಮೌನ ಇರಬೇಕೆಂದು ಹಾಡಿಗೆ ತಕ್ಕಂತೆ ನಾವು ನಿರ್ಧರಿಸಲು ಬರುವುದಿಲ್ಲ. ಅದಕ್ಕಾಗಿಯೇ ಒಂದು ವರ್ಷದಿಂದ, ಕಂಪ್ಯೂಟರಿನಲ್ಲಿ ದನಿ ಹಿಡಿದು ತಿದ್ದುವ ಅಡಾಸಿಟಿ ಎಂಬ ತಂತ್ರಾಂಶವನ್ನು ಬಳಸುತ್ತಿದ್ದೇನೆ.

2000ದಲ್ಲಿ ಮೊದಲು ಬಿಡುಗಡೆಯಾದ ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಮುಂದೆ ಇಂಟರ್ನೆಟ್ಟಿನ ಹಂಗಿಲ್ಲ. ಬೇಸಿಗೆಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗುವ ಕಲಬುರಗಿಯಂಥ ಊರಿನಲ್ಲಿ, ಅರ್ಧಕ್ಕೆ ನಿಂತ ಕೆಲಸವನ್ನು ಅದು ಮರಳಿ ತೆರೆದು ಕೊಡುವುದು ದೊಡ್ಡ ಉಪಕಾರ.

ಅಪ್ಪನ ಕ್ಯಾಸೆಟ್ಟುಗಳನ್ನು ಮೊದಲು ನಗರದ ಒಂದು ಅಂಗಡಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದ್ದೆ. ಮಟ್ಟ ನೋಡದೆ ತುಂಬಿಸಿದ್ದರಿಂದ ಗಾಯಕರು ತಾರಸ್ಥಾಯಿಗೆ ಏರಿದಲ್ಲೆಲ್ಲ ದನಿ ಒಡೆದು ಬಂದಿತ್ತು, ಹಾಗೆ ಒಡೆದದ್ದನ್ನು ಮತ್ತೆ ಪೂರ್ತಿ ಸರಿಪಡಿಸಲಾಗದು. ಆಮೇಲೆ ಮನೆಯ ಟೇಪ್ ರೆಕಾರ್ಡರನ್ನೇ ಲೈನ್-ಇನ್ (ಹೊರಗಿನ ಉಪಕರಣದ ದನಿಯನ್ನು ಒಳತರುವ ಕಿಂಡಿ) ಇರುವ ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅಡಾಸಿಟಿಯ ಮೇಲ್ಭಾಗದ ಮಾಪಕಪಟ್ಟಿಯಲ್ಲಿ ಅತಿ ಎತ್ತರದ ದನಿಯೂ −6 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು, ದನಿ ಒಡೆಯುವುದಿಲ್ಲ. 30 ನಿಮಿಷದ ಮಗ್ಗುಲಿಗೆ 30 ನಿಮಿಷವೇ ಕಾಯಬೇಕು, ಇದರಲ್ಲಿ ಅವಸರಕ್ಕೆ ಅವಕಾಶವಿಲ್ಲ. ಮುಗಿದ ಮೇಲೆ ಪ್ರತಿ ಹಾಡಿನ ಆರಂಭಕ್ಕೆ ಒಂದು ಗುರುತು ಇಟ್ಟು ಹೆಸರು ಬರೆದರೆ, ಆ ಗುರುತುಗಳ ಪ್ರಕಾರ ಬೇರೆ ಬೇರೆ ಫೈಲುಗಳಾಗಿ ಅದೇ ಕತ್ತರಿಸಿ ಕೊಡುತ್ತದೆ.

ಟೇಪಿನ ಸುಂಯ್‌ಗುಡುವಿಕೆಯನ್ನು ತೆಗೆಯುವ ‘ನಾಯ್ಸ್ ರಿಡಕ್ಷನ್’ ಸೌಲಭ್ಯದ ಬಗ್ಗೆ ಮಾತ್ರ ಎಚ್ಚರಿಕೆಯ ಮಾತು ಹೇಳಲೇಬೇಕು. ಹಾಡು ಶುರುವಾಗುವ ಮುಂಚಿನ ಬರಿಯ ಸದ್ದಿನ ತುಣುಕನ್ನು ಮಾದರಿಯಾಗಿ ತೋರಿಸಿದರೆ, ಅಂಥ ಸದ್ದನ್ನು ಉಳಿದ ಭಾಗದಿಂದ ಅದು ತಗ್ಗಿಸುತ್ತದೆ. ಒಂದು ಕ್ಯಾಸೆಟ್ಟಿನಲ್ಲಿ ತಂಬೂರಿ ಆಗಲೇ ಮಿಡಿಯತೊಡಗಿದ್ದುದನ್ನು ಗಮನಿಸದೆ ಆ ಜಾಗವನ್ನೇ ಮಾದರಿಯಾಗಿ ಕೊಟ್ಟುಬಿಟ್ಟೆ. ತಂಬೂರಿಯ ಎಡೆಬಿಡದ ನಾದವನ್ನೂ ಕಸವೆಂದೇ ಬಗೆದು ತೆಗೆದುಹಾಕಿದ್ದರಿಂದ ಗಾಯಕರ ಕಂಠ ಆಧಾರವಿಲ್ಲದೆ ಒಂಟಿಯಾಗಿ ನಿಂತಿತ್ತು, ಕೇಳಲು ಸಂಕಟವಾಯಿತು. ಪುಣ್ಯಕ್ಕೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇದೆ. ಈಗ ನಾನು ಸದ್ದನ್ನು ಅರ್ಧದಷ್ಟು ಮಾತ್ರ ತಗ್ಗಿಸಿ, ಉಳಿದದ್ದನ್ನು ಟೇಪಿನ ವಯಸ್ಸೆಂದು ಒಪ್ಪಿಕೊಂಡಿದ್ದೇನೆ.

ಈ ಸಲದ ಶ್ರಾವಣದ ಜೋಡಣೆಯಲ್ಲಿ ಅಡಾಸಿಟಿಯ ನಿಜವಾದ ಗುಣ ತಿಳಿಯಿತು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ, ಭೀಮಸೇನ ಜೋಶಿಯವರ ದಾಸರ ಪದ, ಮೇಘ ರಾಗದ ಒಂದು ಬಂದಿಶ್ (ಹಿಂದುಸ್ತಾನಿ ರಚನೆ), ಎರಡು ಸಿನಿಮಾ ಹಾಡು, ಜತೆಗೆ ಹಳ್ಳಿಯ ಭಜನೆಯೊಂದರಲ್ಲಿ ನಾನೇ ಫೋನಿನಲ್ಲಿ ಹಿಡಿದುಕೊಂಡಿದ್ದ, ಏಕತಾರಿ ಮತ್ತು ದಮ್ಮಡಿಯ ಜೊತೆಗಿನ ಕಡಕೋಳ ಮಡಿವಾಳಪ್ಪನವರ ತತ್ವಪದ. ಇವುಗಳ ದನಿಮಟ್ಟ ಒಂದಕ್ಕೊಂದು ಹೊಂದುವುದೇ ಇಲ್ಲ: ವಚನ ಕೇಳಲೆಂದು ಏರಿಸಿದ ದನಿಗೆ ಸಿನಿಮಾ ಹಾಡು ಬಂದಾಗ ಕಿವಿ ಗಡಚಿಕ್ಕುತ್ತದೆ. ‘ಲೌಡ್‌ನೆಸ್ ನಾರ್ಮಲೈಸೇಶನ್’ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿತು. ಆದರೂ ಬಂದಿಶ್‌ನ ಮೊದಲಿನ ಮೆಲುದನಿಯ ಆಲಾಪ ರೈಲಿನ ಗದ್ದಲದಲ್ಲಿ ಕೇಳಿಸದೆಂದು, ‘ಎನ್ವಲಪ್’ ಉಪಕರಣದಿಂದ, ಪರದೆಯಲ್ಲಿ ದನಿಯನ್ನು ತೋರಿಸುವ ನೀಲಿ ಅಲೆಯ ಮೇಲೆ ಚುಕ್ಕಿಗಳನ್ನಿಟ್ಟು ಆ ಎರಡು ನಿಮಿಷವನ್ನಷ್ಟೇ ಕೈಯಿಂದ ಎತ್ತರಿಸಿದೆ. ಸಿನಿಮಾ ಹಾಡುಗಳೆರಡನ್ನು ಒಂದರೊಳಗೊಂದು ಕರಗುವಂತೆ ‘ಕ್ರಾಸ್‌ಫೇಡ್’ ಮಾಡಿದೆ. ತತ್ವಪದದ ನಂತರ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ದಮ್ಮಡಿಯ ಕೊನೆಯ ಪೆಟ್ಟು ಅಡಗಿದ ಮೇಲೆ 5 ಸೆಕೆಂಡಿನ ಮೌನವನ್ನು ಸೇರಿಸಿದೆ. ಶ್ರುತಿಯನ್ನು ಬದಲಿಸುವ ಸೌಲಭ್ಯವೂ ಇದೆ; ಹಾಡಿದವರ ಶ್ರುತಿಯನ್ನು ಮುಟ್ಟುವ ಹಕ್ಕು ನಮಗಿಲ್ಲವೆಂದು ಭಾವಿಸಿ ಅದನ್ನು ನಾನು ಬಳಸಿಲ್ಲ.

ಕೊರತೆಗಳೂ ಇವೆ. ಫೋನಿನಲ್ಲಿ ಹಿಡಿದ ಎಂ4ಎ ಫೈಲು ವಿಂಡೋಸ್‌ನಲ್ಲಿ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಪೂರಕವನ್ನು ಬೇರೆಯಾಗಿ ಸೇರಿಸಬೇಕು, ಹೊಸಬರು ಇಲ್ಲಿಯೇ ಎಡವುತ್ತಾರೆ. ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಇಳಿಸಿಕೊಂಡ ಹಾಡುಗಳಿಗೆ ಬೀಗವಿರುವುದರಿಂದ ಅವನ್ನು ಇದರೊಳಗೆ ತರಲಾಗದು. ನಮ್ಮದೇ ಕ್ಯಾಸೆಟ್, ಸಿಡಿ ಅಥವಾ ಕೊಂಡ ಫೈಲುಗಳು ಬೇಕು. ಒಂದು ಗಂಟೆಯ ಕೆಲಸದ ಕಡತವೇ 1 ಜಿಬಿ ಮೀರುತ್ತದೆ. ಕೊನೆಗೆ 320 ಕೆಬಿಪಿಎಸ್‌ನ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ಮಾಡಿದಾಗ ಅದು ಸುಮಾರು 144 ಎಂಬಿಗೆ ಇಳಿಯುತ್ತದೆ. ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲಿಯೇ ಎಲ್ಲವನ್ನೂ ಮಾಡಬೇಕೆನ್ನುವವರಿಗೆ ಇದು ಒದಗುವುದಿಲ್ಲ.

ಕಳೆದ ವಾರ ಬೀದರಿಗೆ ಹೋಗುವ ರೈಲಿನಲ್ಲಿ ಈ ಶ್ರಾವಣದ ಗಂಟೆಯನ್ನು ಮೊದಲ ಬಾರಿ ಪೂರ್ತಿ ಕೇಳಿದೆ. ಮರಗುತ್ತಿಯ ಸುರಂಗದಲ್ಲಿ ಗಾಲಿಗಳ ಸದ್ದು ಇಮ್ಮಡಿಯಾದಾಗಲೂ ಆಲಾಪ ಕಿವಿಯಿಂದ ಜಾರಲಿಲ್ಲ. ಆದರೆ ತತ್ವಪದದ ನಂತರದ 5 ಸೆಕೆಂಡು ಕಡಿಮೆಯೆನಿಸಿತು. ಮನೆಗೆ ಬಂದವನೇ ಅದನ್ನು 8ಕ್ಕೆ ಹೆಚ್ಚಿಸಿದ್ದೇನೆ.